ನಾನು ಸಾಕಿದ ಸೊಳ್ಳೆಗಳು

ಸೊಳ್ಳೆ ಹಾರಿಹೋದ ಮೇಲೆ ನೀರಿನ ಮೇಲೆ ಅದರ ಪೊರೆ ಉಳಿಯುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ಗಾಜಿನಷ್ಟು ತೆಳು, ಬೆನ್ನ ಮೇಲೊಂದು ಸೀಳು. ಬಿಚ್ಚಿ ಎಸೆದ ಅಂಗಿಯ ಹಾಗೆ. 2024ರ ಜೂನ್ ಕೊನೆಯಲ್ಲಿ, ತರೀಕೆರೆಯ ನಮ್ಮ ಮನೆಯ ಹಿತ್ತಲಿನಲ್ಲಿ, ಒಂದು ನೀಲಿ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಾನು ಅಂಥ ಅಂಗಿಗಳನ್ನು ಎಣಿಸಿದೆ. ನೂರಮೂವತ್ತು ದಾಟಿದ ಮೇಲೆ ನಿಲ್ಲಿಸಿದೆ. ಒಂದು ಪೊರೆಗೆ ಒಂದು ಸೊಳ್ಳೆ. ಅವು ಯಾವುವೂ ಈಗ ಡ್ರಮ್ಮಿನಲ್ಲಿ ಇರಲಿಲ್ಲ.

ಆ ಡ್ರಮ್ಮು ಮರೆತು ಬಿಟ್ಟದ್ದಲ್ಲ. ಬೇಕೆಂದೇ ಇಟ್ಟದ್ದು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ನನ್ನ ಬಳಿ ಆಗ ಎರಡು ಫೈಟರ್ ಮೀನು, ಒಂದಿಷ್ಟು ಗಪ್ಪಿ ಇದ್ದವು. ಫೈಟರ್ ಮೀನಿಗೆ ಗುಳಿಗೆಯಂಥ ಒಣ ಆಹಾರ ಹಾಕಿದರೆ ಬಾಯಿಗೆ ಹಾಕಿಕೊಂಡು ಉಗಿಯುತ್ತಿತ್ತು. ನಾನು ಪಾಠ ಮಾಡುವುದು ಕಡೂರಿನಲ್ಲಿ. ಸಂಜೆ ರೈಲಿಗೆ ಹೊತ್ತಿದ್ದಾಗ ಅಕ್ವೇರಿಯಂ ಅಂಗಡಿಯೊಂದಕ್ಕೆ ಹೋಗಿ ಕೂರುವ ಅಭ್ಯಾಸ. ಅಲ್ಲಿನ ಹುಡುಗ ಹೇಳಿದ: "ಸಾರ್, ಇದಕ್ಕೆ ಜೀವ ಇರೋದು ಬೇಕು. ಒಂದು ಡ್ರಮ್ಮಲ್ಲಿ ನೀರು ತುಂಬಿ, ನಾಲ್ಕು ಒಣಗಿದೆಲೆ ಹಾಕಿ ಬಿಡಿ. ಮಿಕ್ಕಿದ್ದನ್ನ ಸೊಳ್ಳೇನೇ ನೋಡ್ಕೊಳ್ಳುತ್ತೆ." ದುಡ್ಡು ಖರ್ಚಿಲ್ಲ. ಮೂರನೇ ದಿನಕ್ಕೆ ನೀರಿನಲ್ಲಿ ಅಲ್ಪವಿರಾಮದ ಚಿಹ್ನೆಗಳಂಥ ಮರಿಗಳು ಕುಣಿಯತೊಡಗಿದವು. ಟೀ ಸೋಸುವ ಜಾಲರಿಯಲ್ಲಿ ಎತ್ತಿ ತೊಟ್ಟಿಗೆ ಹಾಕಿದರೆ ಫೈಟರ್ ರೆಕ್ಕೆಯನ್ನೆಲ್ಲ ಬಿಚ್ಚಿ ನುಗ್ಗುತ್ತಿತ್ತು. ಅದರ ನೀಲಿ ಬಣ್ಣ ಒಂದು ವಾರದಲ್ಲಿ ಹೇಗೆ ಏರಿತು ಎಂಬುದನ್ನು ಇಲ್ಲಿ ಬರೆಯಲು ಹೋದರೆ ಪ್ರಬಂಧ ಆ ಕಡೆಗೇ ವಾಲಿಬಿಡುತ್ತದೆ. ಸಾಕಿದವರಿಗೆ ಗೊತ್ತು.

ಈ ವ್ಯವಹಾರದಲ್ಲಿ ಒಂದೇ ಷರತ್ತು: ದಿನವೂ ಸೋಸಬೇಕು. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಕೊನೆಯ ಎರಡು ದಿನ ಅದು ಏನೂ ತಿನ್ನದೆ, ತಲೆ ದಪ್ಪಗಾಗಿ, ಮುಟ್ಟಿದರೆ ಸರ್ರನೆ ತಳಕ್ಕಿಳಿಯುತ್ತದೆ. ಅಷ್ಟರೊಳಗೆ ಹಿಡಿದರೆ ಅದು ಮೀನಿನ ಊಟ. ಹಿಡಿಯದಿದ್ದರೆ ಊರಿನ ಪಾಲು.

ಆಷಾಢ ಬರುವುದರೊಳಗೆ ಮುಗಿಯಲೆಂದು ಅಜ್ಜಂಪುರದಲ್ಲಿ ಅತ್ತೆ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಿದ್ದರು. ಒಂದು ದಿನಕ್ಕೆಂದು ಹೋದವನು ನಾಲ್ಕು ದಿನ ಉಳಿದೆ. ಡ್ರಮ್ಮಿನ ನೆನಪು ಎರಡನೇ ದಿನವೇ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅತ್ತೆಯ ಕೊಟ್ಟಿಗೆಯ ಕಲ್ಲುಬಾನಿಯಲ್ಲಿ ಎಮ್ಮೆ ನೀರು ಕುಡಿಯುತ್ತಿದ್ದುದನ್ನು ನೋಡುತ್ತಿದ್ದಾಗ ನೆನಪಾಯಿತು. ಬಾನಿಯಲ್ಲಿ ಒಂದೂ ಮರಿ ಇರಲಿಲ್ಲ. ಎರಡು ಎಮ್ಮೆ ದಿನಕ್ಕೆರಡು ಸಲ ತಳ ಕಾಣಿಸುತ್ತಿದ್ದವು, ಅತ್ತೆ ಪೊರಕೆಯಲ್ಲಿ ಒಳಗೋಡೆ ಉಜ್ಜಿ ಮತ್ತೆ ತುಂಬಿಸುತ್ತಿದ್ದರು. ಮನೆಯವರಿಗೆ ಫೋನು ಮಾಡಿ 'ಡ್ರಮ್ಮು ಮಗುಚಿಬಿಡು' ಎಂದು ಹೇಳಬಹುದಿತ್ತು. ಮಗುಚಿದರೆ ಮತ್ತೆ ಶುರು ಮಾಡಲು ಒಂದು ವಾರ ಬೇಕು, ಅಷ್ಟು ದಿನ ಮೀನು ಉಪವಾಸ. ಹೇಳಲಿಲ್ಲ.

ವಾಪಸು ಬಂದ ಮೇಲೆ ಪೊರೆ ಎಣಿಸಿದ್ದು.

ಜುಲೈ ಮೂರನೇ ವಾರ ಪಕ್ಕದ ಮನೆಯ ಹುಡುಗನಿಗೆ ಜ್ವರ ಬಂತು. ಐದನೇ ಕ್ಲಾಸಿನವನು, ನಮ್ಮ ತೊಟ್ಟಿಯ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದವನು. ಕಣ್ಣಿನ ಹಿಂದೆ ನೋವು ಎನ್ನುತ್ತಿದ್ದ. ರಕ್ತ ಪರೀಕ್ಷೆಯಲ್ಲಿ ಡೆಂಗೀ ಎಂದು ಬಂತು. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಅವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಆರು ದಿನ ಆ ಮನೆಗೆ ಬೀಗ ಬಿದ್ದಿತ್ತು. ಹುಡುಗ ಬದುಕಿದ, ಚೆನ್ನಾಗಿದ್ದಾನೆ. ಈ ಬರಹವನ್ನು ಯಾರೂ ಆತಂಕದಿಂದ ಓದಬೇಕಿಲ್ಲ. ಆದರೆ ಆ ಆರು ದಿನ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕು: ಲೆಕ್ಕ ಹಾಕಿದೆ.

ಪಿಯು ಮಕ್ಕಳಿಗೆ ತರ್ಕಶಾಸ್ತ್ರ ಹೇಳುವವನು ನಾನು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸಬಾರದು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಹಾಗಾಗಿ ನನ್ನ ಪರವಾಗಿ ವಾದಿಸಲು ಕಷ್ಟವಾಗಲಿಲ್ಲ. ಸೊಳ್ಳೆ ಸಾಮಾನ್ಯವಾಗಿ ಹುಟ್ಟುತ್ತಲೇ ರೋಗ ಹೊತ್ತು ಬರುವುದಿಲ್ಲ. ಅದು ಮೊದಲು ಡೆಂಗೀ ಇರುವ ಒಬ್ಬರನ್ನು ಕಚ್ಚಬೇಕು. ವೈರಸ್ಸು ಅದರೊಳಗೆ ಬೆಳೆದು ಜೊಲ್ಲಿಗೆ ಬರಲು ಎಂಟರಿಂದ ಹನ್ನೆರಡು ದಿನ ಬೇಕು. ಆಮೇಲೆ ಅದು ಹುಡುಗನನ್ನು ಕಚ್ಚಬೇಕು. ಕಚ್ಚಿದ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ. ಈ ಸರಪಳಿಯಲ್ಲಿ ನನ್ನದು ಒಂದೇ ಕೊಂಡಿ, ಅದೂ ಬಹುಶಃ. ಡ್ರಮ್ಮಿನಲ್ಲಿದ್ದದ್ದು ಕಾಲಿಗೆ ಬಿಳಿ ಪಟ್ಟೆಯ ಈಡಿಸ್ ಸೊಳ್ಳೆಯೋ, ಕೊಳೆ ನೀರು ಬಯಸುವ ಕ್ಯುಲೆಕ್ಸೋ ನಾನು ನೋಡಿರಲಿಲ್ಲ. ಬೀದಿಯಲ್ಲಿ ಎಳನೀರು ಬುರುಡೆಗಳಿದ್ದವು, ಅಡಿಕೆ ತೋಟದ ಅಂಚಿನಲ್ಲಿ ಬಿದ್ದ ಹಾಳೆಗಳ ದೊನ್ನೆಯಲ್ಲೆಲ್ಲ ಮಳೆನೀರಿತ್ತು. ಅವುಗಳಲ್ಲೂ ಸೊಳ್ಳೆ ಆಗುತ್ತದೆ. ದಿನಗಳ ಲೆಕ್ಕ ಮಾತ್ರ ಕೆಟ್ಟದಾಗಿ ಸರಿಹೊಂದುತ್ತಿತ್ತು. ಸರಿಹೊಂದುವುದು ಸಾಬೀತಲ್ಲ.

ಆರನೇ ದಿನದ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ನಾನು ಕಟ್ಟಿದ್ದ ವಾದ ಪೂರ್ತಿ ನಿಜ. ಅದೇ ವಾದವನ್ನು ತರೀಕೆರೆಯ ಪ್ರತಿಯೊಬ್ಬನೂ ಕಟ್ಟಬಹುದು, ಎಲ್ಲರದ್ದೂ ಪೂರ್ತಿ ನಿಜವೇ. ಆದರೂ ಹುಡುಗ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾನೆ. ಯಾವುದೋ ಒಂದು ನಿರ್ದಿಷ್ಟ ಸೊಳ್ಳೆ, ಯಾವುದೋ ಒಂದು ನಿರ್ದಿಷ್ಟ ನೀರಿನಲ್ಲಿ ಹುಟ್ಟಿದ್ದು, ಅವನನ್ನು ಕಚ್ಚಿದೆ. ಯಾರ ನೀರು ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ಅಂದರೆ ಈ ಬಗೆಯ ಕೇಡಿನಲ್ಲಿ 'ನಾನೇ ಮಾಡಿದೆನೇ?' ಎಂಬ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿಲ್ಲದ ಆ ಪ್ರಶ್ನೆಯ ಹಿಂದೆ ಅಡಗಿ ಕೂತರೆ ನಾನು ಉತ್ತರ ಕೊಡಬಲ್ಲ ಇನ್ನೊಂದು ಪ್ರಶ್ನೆ ತಪ್ಪಿಸಿಕೊಳ್ಳುತ್ತದೆ: ನೂರಮೂವತ್ತು ಸೊಳ್ಳೆಗಳನ್ನು ಆ ಬೀದಿಗೆ ಬಿಡುವ ಹಕ್ಕು ನನಗೆ ಯಾರು ಕೊಟ್ಟರು? ಅವು ಒಬ್ಬರನ್ನೂ ಕಚ್ಚದೆ ಸತ್ತಿದ್ದರೂ ಈ ಪ್ರಶ್ನೆ ಹಾಗೇ ನಿಲ್ಲುತ್ತಿತ್ತು.

ಇಲ್ಲಿ ರೊನಾಲ್ಡ್ ರಾಸ್ ನೆನಪಾಗುತ್ತಾನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಗುಟ್ಟು ಕಂಡು, 1902ರಲ್ಲಿ ನೊಬೆಲ್ ಪಡೆದವನು. ಅದಕ್ಕೂ ಬಹಳ ಮುಂಚೆ, 1883ರಲ್ಲಿ, ಅವನು ಬೆಂಗಳೂರಿನ ದಂಡಿನಲ್ಲಿ ಎಳೆಯ ವೈದ್ಯ. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುವುದನ್ನು ಕಂಡು ಅದನ್ನು ಮಗುಚಿದ. ಕಾಟ ಕಡಿಮೆಯಾಯಿತು. ಉತ್ಸಾಹದಿಂದ ಹೋಗಿ ದಂಡಿನ ಅಧಿಕಾರಿಗೆ ಹೇಳಿದರೆ ಅವನು ಒಪ್ಪಲಿಲ್ಲವಂತೆ: ಸೊಳ್ಳೆಯನ್ನೂ ಏನೋ ಉದ್ದೇಶಕ್ಕೇ ಸೃಷ್ಟಿಸಿರಬೇಕು, ತೊಟ್ಟಿ ಮಗುಚುವುದು ಪ್ರಕೃತಿಯ ಕ್ರಮವನ್ನು ಕೆಡಿಸಿದಂತೆ, ಸಹಿಸಿಕೊಳ್ಳಬೇಕು ಎಂಬ ಅರ್ಥದ ಮಾತಾಡಿದನಂತೆ. ರಾಸ್ ತನ್ನ ಆತ್ಮಕತೆಯಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ಓದುವವರು ಆ ಅಧಿಕಾರಿಯನ್ನು ನೋಡಿ ನಗುತ್ತಾರೆ, ನಾನೂ ನಕ್ಕಿದ್ದೆ. ಈಗ ಅವನಲ್ಲೊಂದು ಮರ್ಯಾದೆ ಕಾಣುತ್ತದೆ. ಅವನು ಸೊಳ್ಳೆಯನ್ನು ತಾನು ಮಾಡಲಿಲ್ಲ, ಇದ್ದದ್ದನ್ನು ಇರಲಿ ಎಂದ, ಮತ್ತು ತನ್ನನ್ನೂ ಕಚ್ಚಿಸಿಕೊಂಡ. ನಾನು ರಾಸ್ ಮಗುಚಿದ ತೊಟ್ಟಿಯನ್ನು ಎತ್ತಿ ನಿಲ್ಲಿಸಿ ನೀರು ತುಂಬಿದವನು. ನನ್ನ ಮನೆಯ ಕಿಟಕಿಗಳಿಗೆಲ್ಲ ಜಾಲರಿ ಇದೆ. ಪಕ್ಕದ ಮನೆಗೆ ಇಲ್ಲ.

ಕಡೂರಿನ ಸಹೋದ್ಯೋಗಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕುಬಿಟ್ಟರು. "ನಿಮ್ದೊಂದು ಡ್ರಮ್ಮು. ನಮ್ಮನೇಲಿ ಏಳಿದೆ ಬನ್ನಿ, ಎಣಿಸಿ." ಕಡೂರು ಬಯಲುಸೀಮೆ. ಬೇಸಿಗೆಯಲ್ಲಿ ನಲ್ಲಿ ನೀರು ಬರುವ ದಿನ ಹಬ್ಬ. ಬಂದಾಗ ಡ್ರಮ್ಮು, ಕೊಡ, ಬಕೆಟ್ಟು, ಸಂಪು, ಕೊನೆಗೆ ಅಡುಗೆ ಪಾತ್ರೆಯವರೆಗೆ ತುಂಬಿಸಿಡದಿದ್ದರೆ ಬದುಕಿಲ್ಲ. ಈಡಿಸ್ ಸೊಳ್ಳೆಗೆ ಇದಕ್ಕಿಂತ ಅನುಕೂಲ ಬೇರಿಲ್ಲ, ಅದಕ್ಕೆ ಬೇಕಿರುವುದೇ ಮನೆಯೊಳಗಿನ ತಿಳಿನೀರು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದು ನಿಯಮ ಮಾಡಿತು. ದಂಡದ ಕಣ್ಣಿಗೆ ಸಹೋದ್ಯೋಗಿಯ ಏಳು ಡ್ರಮ್ಮೂ ನನ್ನ ಒಂದು ಡ್ರಮ್ಮೂ ಒಂದೇ. ಸೊಳ್ಳೆಗೂ ಒಂದೇ. ನನಗೆ ಒಂದೇ ಅಲ್ಲ. ನೀರಿಲ್ಲದ ಊರಿನಲ್ಲಿ ನೀರು ಕೂಡಿಡುವವರು ಬಾಯಾರಿಕೆಗೂ ಸೊಳ್ಳೆಗೂ ನಡುವೆ ಸಿಕ್ಕಿದವರು. ಮೂರು ದಿನಕ್ಕೊಮ್ಮೆ ನೀರು ಕೊಡಲಾಗದ ವ್ಯವಸ್ಥೆ ಅವರಿಂದ ದಂಡ ಕೇಳುವುದರಲ್ಲಿ ಏನೋ ಎಡವಟ್ಟಿದೆ. ನಾನು ಸಿಕ್ಕಿಕೊಂಡದ್ದು ಒಂದು ಮೀನಿನ ಬಣ್ಣಕ್ಕೂ ಸೊಳ್ಳೆಗೂ ನಡುವೆ. ನನಗೆ 200 ರೂಪಾಯಿ ಬಹಳ ಅಗ್ಗ. ಅದನ್ನು ಕಟ್ಟಿ ರಶೀತಿ ಜೇಬಿಗಿಟ್ಟುಕೊಂಡಿದ್ದರೆ ಪ್ರಾಯಶಃ ಇಷ್ಟು ಯೋಚಿಸುತ್ತಲೂ ಇರಲಿಲ್ಲ.

ತಮಾಷೆಯೆಂದರೆ ನನ್ನ ತೊಟ್ಟಿಯ ಗಪ್ಪಿಗಳನ್ನೇ ಈ ನಾಡಿನಲ್ಲಿ ಸೊಳ್ಳೆ ನಿಯಂತ್ರಣಕ್ಕೆ ಬಿಡುತ್ತಾರೆ. ಗಪ್ಪಿಯ ಹತ್ತಿರದ ಬಂಧು ಗಂಬೂಸಿಯಾ ಮೀನನ್ನು ಬಿ.ಎ. ರಾವ್ ಎಂಬ ವೈದ್ಯರು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಿಸಿದರು. ಮಲೇರಿಯಾ ಸಂಶೋಧಕರು ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ಒಳ್ಳೆಯ ಫಲ ಕಂಡಿದ್ದಾರೆ. 2001ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕಲಾಜಾಥಾ ಕಟ್ಟಿ, ಹಾಡು ನಾಟಕಗಳಲ್ಲಿ ಈ ಮೀನಿನ ವಿಷಯ ಹೇಳಿಸಿದರು. ಆದರೆ ಗಂಬೂಸಿಯಾದ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದು ಸೊಳ್ಳೆಮರಿ ಒಂದನ್ನೇ ತಿನ್ನುವುದಿಲ್ಲ, ಊರಿನ ಮೀನುಗಳ ಮೊಟ್ಟೆಮರಿಗಳನ್ನೂ ಬಿಡುವುದಿಲ್ಲ. ಇಂದು ಅದು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ತರಿಸಿದವರ ಉದ್ದೇಶ ಒಳ್ಳೆಯದೇ ಇತ್ತು. ಜೀವ ಇರುವುದನ್ನು ತಂದು ಬಿಟ್ಟ ಮೇಲೆ ಉದ್ದೇಶ ನಮ್ಮ ಬಳಿ ಉಳಿಯುತ್ತದೆ, ಜೀವ ಮಾತ್ರ ತನ್ನ ದಾರಿ ಹಿಡಿಯುತ್ತದೆ. 'ಮೀನನ್ನೆಲ್ಲ ಕೆರೆಗೆ ಬಿಟ್ಟು ಈ ರಗಳೆ ಮುಗಿಸು' ಎಂದ ಗೆಳೆಯನಿಗೆ ನಾನು ಒಪ್ಪದಿದ್ದದ್ದು ಇದಕ್ಕೇ. ತರೀಕೆರೆಯ ಕೆರೆ ನನ್ನ ಪಶ್ಚಾತ್ತಾಪ ಸುರಿಯುವ ಜಾಗವಲ್ಲ.

ಇನ್ನೊಬ್ಬ ಗೆಳೆಯ ಹಿಂಸೆಯ ಪ್ರಶ್ನೆ ಎತ್ತಿದ: ಮೀನಿಗಾಗಿ ದಿನವೂ ನೂರು ಜೀವ ಕೊಲ್ಲುವುದು ಸರಿಯೇ? ಈ ಪ್ರಶ್ನೆ ನನ್ನನ್ನು ಅಷ್ಟು ಕಾಡಿಲ್ಲ. ಮೀನು ಹುಳ ತಿನ್ನುತ್ತದೆ. ಅದನ್ನು ಸಾಕಿದರೆ ಅದರ ಹಸಿವನ್ನೂ ಸಾಕಬೇಕು. ನನ್ನನ್ನು ಕಾಡಿದ್ದು ಕೊಂದ ಸೊಳ್ಳೆಮರಿಗಳಲ್ಲ, ಕೊಲ್ಲದೆ ಬಿಟ್ಟವು.

ಹಾಗಾಗಿ ಹುಡುಕಬೇಕಾದದ್ದು ತಪ್ಪಿಸಿಕೊಂಡರೂ ಯಾರನ್ನೂ ಕಚ್ಚದ ಆಹಾರವನ್ನು. ಅಂಥದ್ದು ಬೇಕಾದಷ್ಟಿದೆ. ನಾನೀಗ ಬೆಳೆಸುವುದು ಮೊಯಿನಾ, ಸಾಸಿವೆ ಕಾಳಿಗಿಂತ ಸಣ್ಣ ನೀರುಚಿಗಟ. ಹೆಸರಿನಲ್ಲಿ ಚಿಗಟ ಇದ್ದರೂ ಸೀಗಡಿಯ ಬಳಗದ್ದು. ಇದರ ದೊಡ್ಡ ಅಕ್ಕ ಡಾಫ್ನಿಯಾ ಸೆಕೆಗೆ ಬೇಗ ಸೋಲುತ್ತದೆ, ಮೊಯಿನಾ ನಮ್ಮ ಬೇಸಿಗೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ನಲ್ಲಿ ನೀರಾದರೆ ಒಂದು ದಿನ ಇಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಚಿಟಿಕೆ ಯೀಸ್ಟ್ ಕದಡಿ ನೀರು ತೆಳು ಮಜ್ಜಿಗೆ ನೀರಿನಷ್ಟು ಬೆಳ್ಳಗಾಗುವಂತೆ ಹಾಕಬೇಕು, ಆ ಬಿಳುಪು ಹೋಗುವವರೆಗೆ ಮತ್ತೆ ಹಾಕಬಾರದು. ಆಸೆಪಟ್ಟು ಜಾಸ್ತಿ ಹಾಕಿದರೆ ರಾತ್ರೋರಾತ್ರಿ ನೀರು ಕೊಳೆತು ಎಲ್ಲ ಸಾಯುತ್ತವೆ. ನನಗೆ ಮೂರು ಸಲ ಹಾಗಾಗಿದೆ. ಅದಕ್ಕೇ ಎರಡು ಪಾತ್ರೆಗಳಲ್ಲಿ ಬೇರೆ ಬೇರೆ ಇಟ್ಟಿದ್ದೇನೆ. ಮರಿಮೀನುಗಳಿಗೆ ಓಟ್ಸ್ ಗಂಜಿಯ ಡಬ್ಬಿಯಲ್ಲಿ ಮೈಕ್ರೋವರ್ಮ್ ಎಂಬ ದಾರದ ಚೂರಿನಂಥ ಹುಳು. ಅದಕ್ಕೆ ನಿಂತ ನೀರೇ ಬೇಡ.

ಇದರಿಂದ ಸೊಳ್ಳೆಯ ಕತೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಮೊಯಿನಾಗೆ ಇಷ್ಟವಾದ ಪಾಚಿಗಟ್ಟಿದ ಹಸಿರು ನೀರು ಸೊಳ್ಳೆಗೂ ಅಷ್ಟೇ ಇಷ್ಟ. ಎರಡನೇ ವಾರವೇ ನೀರುಚಿಗಟಗಳ ನಡುವೆ ಪರಿಚಯದ ಕುಣಿತ ಕಂಡಿತು. ಆಗ ಒಂದು ಹಳೆಯ ಪಂಚೆ ಹರಿದು ಪಾತ್ರೆಗಳ ಬಾಯಿಗೆ ಕಟ್ಟಿದೆ. ಬಟ್ಟೆ ಬಿಗಿಯಾಗಿರಬೇಕು, ಜೋತುಬಿದ್ದು ನೀರಿಗೆ ತಾಗಿದರೆ ಒದ್ದೆ ಬಟ್ಟೆಯ ಮೇಲೆಯೇ ಸೊಳ್ಳೆ ಮೊಟ್ಟೆ ಇಟ್ಟೀತು. ಪಾತ್ರೆ ಬದಲಿಸುವಾಗ ನೀರು ಚೆಲ್ಲಿದರೆ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನಂಚಿನ ಮೇಲೆ, ಗೋಡೆಗೆ ಅಂಟಿಸಿಡುತ್ತದೆ. ಅವು ಒಣಗಿಯೂ ತಿಂಗಳುಗಟ್ಟಲೆ ಕಾಯುತ್ತವೆ, ನೀರು ತಾಗಿದ ದಿನ ಒಡೆಯುತ್ತವೆ. ಅತ್ತೆ ಬಾನಿಯ ಒಳಗೋಡೆಯನ್ನು ಪೊರಕೆಯಲ್ಲಿ ಉಜ್ಜುತ್ತಿದ್ದುದರ ಅರ್ಥ ನನಗೆ ತಿಳಿದದ್ದು ಹೀಗೆ, ತಡವಾಗಿ. ಅವರಿಗೆ ಈಡಿಸ್ ಎಂಬ ಹೆಸರು ಗೊತ್ತಿಲ್ಲ. ಎಮ್ಮೆಗೆ ಲೋಳೆ ನೀರು ಕುಡಿಸಬಾರದು ಎಂದಷ್ಟೇ ಗೊತ್ತು. ಅಂದಹಾಗೆ ನೀರುಚಿಗಟವೂ ಹೀಗೇ ಕಾಯುವ ಮೊಟ್ಟೆ ಇಡುತ್ತದೆ. ಬಯಲುಸೀಮೆಯ ಕೆರೆ ಬತ್ತಿ ಬಿರುಕು ಬಿಟ್ಟಾಗ ಆ ಮಣ್ಣಿನಲ್ಲೇ ಉಳಿದು, ಮಳೆ ಬಂದು ಕೆರೆ ತುಂಬಿದರೆ ಏಳುತ್ತದೆ. ಬರಗಾಲ ದಾಟುವ ಉಪಾಯ ಎರಡಕ್ಕೂ ಒಂದೇ.

ಪಂಚೆ ಕಟ್ಟುವಾಗಲೆಲ್ಲ ಜೈನರ ಮನೆಗಳ ನೀರು ಸೋಸುವ ಬಟ್ಟೆ ನೆನಪಾಗುತ್ತದೆ. ಅಲ್ಲಿ ಸೋಸುವುದು ಕುಡಿಯುವವರ ಆರೋಗ್ಯಕ್ಕಷ್ಟೇ ಅಲ್ಲ, ನೀರಿನಲ್ಲಿರುವ ಜೀವಿಗಳಿಗಾಗಿ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಕೊಡವಿ ಎಸೆಯುವಂತಿಲ್ಲ. ಯಾವ ಬಾವಿಯ ನೀರೋ ಅದೇ ಬಾವಿಗೆ ಮರಳಿಸಬೇಕೆಂಬುದು ಪದ್ಧತಿ. ನನ್ನ ಬಟ್ಟೆಗೆ ಅಷ್ಟು ಕರುಣೆಯಿಲ್ಲ. ಆದರೆ ಯಾವುದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೊನೆಯ ಹನಿಯವರೆಗೆ ಲೆಕ್ಕ ಇಡುವ ಆ ಹಟ ನನಗೆ ಬೇಕಾಗಿತ್ತು. ಜೂನಿನಲ್ಲಿ ನಾನು ಲೆಕ್ಕ ಇಟ್ಟದ್ದು ಜಾಲರಿಗೆ ಸಿಕ್ಕಿದ್ದಕ್ಕೆ ಮಾತ್ರ.

ಹೇಳಲೋ ಬೇಡವೋ ಎಂದು ಮೂರು ತಿಂಗಳು ಕಳೆದೆ. ಹೇಳಿದರೆ ಹುಡುಗನಿಗೆ ಒಳ್ಳೆಯದೇನೂ ಆಗುವುದಿಲ್ಲ, ನನ್ನ ಮನಸ್ಸು ಮಾತ್ರ ಹಗುರವಾಗುತ್ತದೆ. ನನ್ನ ಭಾರವನ್ನು ಆ ತಾಯಿಯ ತಲೆಗೆ ದಾಟಿಸಿದಂತೆ ಅಲ್ಲವೇ ಎಂದೂ ಅನಿಸಿತು. ಆ ಆಲೋಚನೆ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅದರ ಮೇಲೇ ಅನುಮಾನ ಬಂತು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಕಾಂಪೌಂಡಿನ ಬಳಿ ನಿಂತು ಹೇಳಿದೆ. ಡ್ರಮ್ಮು ಬೇಕೆಂದೇ ಇಟ್ಟದ್ದು, ನಾಲ್ಕು ದಿನ ಬಿಟ್ಟುಹೋದದ್ದು, ಫೋನು ಮಾಡಬಹುದಿದ್ದರೂ ಮಾಡದ್ದು, ಎಲ್ಲ.

ಅವರು ಬಟ್ಟೆ ಒಣಗಿಸುತ್ತಿದ್ದರು. ಕೈ ನಿಲ್ಲಿಸಿ ಕೇಳಿದರು.

"ಅಯ್ಯೋ, ಬಿಡಿ ಮೇಷ್ಟ್ರೇ," ಎಂದರು. "ಆಶಾ ಅಕ್ಕ ಬಂದಾಗ ನಮ್ಮ ಸಿಂಟೆಕ್ಸ್ ಕೆಳಗಿನ ಬಕೆಟ್ಟಲ್ಲೂ ಟಾರ್ಚ್ ಬಿಟ್ಟು ತೋರಿಸಿದ್ರು. ಹುಳ ಇತ್ತು. ನಾನೂ ಯಾರ ಹತ್ರಾನೂ ಹೇಳಿಲ್ಲ."

ಆ ಮಾತಿಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಮೂರು ತಿಂಗಳು ಅವರೂ ಕಾಂಪೌಂಡಿನ ಆ ಕಡೆ ಇದೇ ದಿನಗಳನ್ನು ಎಣಿಸುತ್ತಿದ್ದರು, ಮಗನ ತಾಯಿಯಾಗಿ. ಅವರ ಬಕೆಟ್ಟು ಕುಡಿಯುವ ನೀರಿನದು, ನನ್ನದು ಶೋಕಿಯದು, ಎರಡೂ ಒಂದಲ್ಲ ಎಂದು ಹೇಳಲು ಹೋದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಹಗ್ಗದ ಮೇಲಿನ ಸೀರೆ ಸರಿಮಾಡುತ್ತ, "ಈಗ ಮುಚ್ಚಿ ಇಡ್ತೀರಲ್ಲ?" ಎಂದರು.

"ಪಂಚೆ ಕಟ್ಟಿದೀನಿ."

"ಎಲ್ಲಿ, ತೋರಿಸಿ."

ಬಂದು ನೋಡಿದರು. ಪಂಚೆಯನ್ನು ಬೆರಳಿನಿಂದ ಒತ್ತಿ, ಒಂದು ಕಡೆ ಸಡಿಲವಾಗಿದೆ ಎಂದರು. ಒಳಗೆ ಹೋಗಿ ಹಳೆಯ ಲಂಗದ ಎಲಾಸ್ಟಿಕ್ ತಂದು ತಾವೇ ಸುತ್ತು ಬಿಗಿದು ಕಟ್ಟಿದರು. ಈಗ ಆಶಾ ಅಕ್ಕ ಬರುವ ದಿನಕ್ಕೆ ಕಾಯದೆ ಎರಡೂ ಮನೆಯ ಪಾತ್ರೆ ಬಕೆಟ್ಟುಗಳನ್ನು ಗುರುವಾರ ಖಾಲಿ ಮಾಡಿ, ತೆಂಗಿನ ನಾರಿನಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕುತ್ತೇವೆ. ಮೊಯಿನಾದ ಎರಡು ಪಾತ್ರೆಗಳಲ್ಲಿ ವಾರಕ್ಕೊಂದರ ಸರದಿ. ಹುಡುಗ ನನ್ನ ಭೂತಗನ್ನಡಿ ಹಿಡಿದು ಮೊಯಿನಾದ ಹೊಟ್ಟೆಯೊಳಗೆ ಮರಿಗಳಿವೆಯೇ ಎಂದು ನೋಡುತ್ತಾನೆ. ಅದರ ಮೈ ಪಾರದರ್ಶಕ, ಎಲ್ಲ ಕಾಣುತ್ತದೆ. ಮೊನ್ನೆಯಿಂದ ತನಗೂ ಒಂದು ಫೈಟರ್ ಮೀನು ಬೇಕು ಎಂದು ಗಂಟುಬಿದ್ದಿದ್ದಾನೆ. ಅವನಮ್ಮ ಇನ್ನೂ ಒಪ್ಪಿಲ್ಲ.